ಓದುಗರ ಪ್ರಶ್ನೆ, ನಮ್ಮ ಉತ್ತರ: ಚಿತ್ರದ ಭಾರ ಇಳಿಯಬೇಕು, ಅಂದ ಉಳಿಯಬೇಕು

ಜಾಲತಾಣಕ್ಕೆ ಹಾಕುವ ಚಿತ್ರಗಳನ್ನು ಕುಗ್ಗಿಸುವ ಬಗೆ ಹೇಗೆಂದು ಕೇಳುವ ಪತ್ರಗಳು ಈಚೆಗೆ ಹೆಚ್ಚಾಗಿ ಬರುತ್ತಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಉದ್ದವಾದ ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ನಾವು ಇಳಕಲ್ ಸೀರೆಗಳನ್ನು ನೇಯಿಸಿ ಮಾರುವವರು. ಸೀರೆಗಳ ಫೋಟೊಗಳನ್ನು ಮೊಬೈಲಿನಲ್ಲಿಯೇ ತೆಗೆದು ನಮ್ಮ ಜಾಲತಾಣಕ್ಕೆ ಹಾಕುತ್ತೇವೆ. ಒಂದೊಂದು ಫೋಟೊ ನಾಲ್ಕೈದು ಎಂಬಿ ಇರುವುದರಿಂದ ಪುಟ ತೆರೆದುಕೊಳ್ಳುವುದು ಬಹಳ ನಿಧಾನ. ಕುಗ್ಗಿಸಿದರೆ ಸೆರಗಿನ ಕೆಂಪು ಕದಡಿದಂತಾಗಿ, ಅದರ ಮೇಲಿನ ತೋಪು ತೆನಿ ವಿನ್ಯಾಸದ ಬಿಳಿ ತುದಿಗಳು ಗುಲಾಬಿಗೆ ತಿರುಗುತ್ತವೆ. ಏನು ಮಾಡಬೇಕು?
— ಸೀರೆ ವ್ಯಾಪಾರಿ, ಇಳಕಲ್

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ಮೊದಲನೆಯದು ಚಿತ್ರದ ಅಳತೆಯದು, ಎರಡನೆಯದು ಬಣ್ಣದ್ದು. ಹೆಚ್ಚಿನವರು ಅಳತೆಯನ್ನು ಹಾಗೆಯೇ ಬಿಟ್ಟು, ಚಿತ್ರ ಉಳಿಸುವಾಗ ಕೊಡುವ ಗುಣಮಟ್ಟದ (ಕ್ವಾಲಿಟಿ) ಅಂಕಿಯನ್ನು ಮಾತ್ರ ಇಳಿಸುತ್ತ ಹೋಗುತ್ತಾರೆ. ಚಿತ್ರ ಕೆಡುವುದು ಅಲ್ಲಿಂದಲೇ.

12 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆಯುವ ಫೋಟೊ ಸಾಮಾನ್ಯವಾಗಿ 4000 ಪಿಕ್ಸೆಲ್ ಉದ್ದ, 3000 ಪಿಕ್ಸೆಲ್ ಅಗಲ ಇರುತ್ತದೆ. ನಿಮ್ಮ ಪುಟದಲ್ಲಿ ಅದು 800 ಪಿಕ್ಸೆಲ್ ಜಾಗದಲ್ಲಿ ಕಾಣುವುದಾದರೆ, ಆ ಜಾಗಕ್ಕೆ ಬೇಕಾದ ಪಿಕ್ಸೆಲ್‌ಗಳು ಮೂಲದ ಇಪ್ಪತ್ತೈದನೆಯ ಒಂದು ಭಾಗ ಮಾತ್ರ. ಈಗಿನ ಮೊಬೈಲ್ ಪರದೆಗಳು ದಟ್ಟವಾಗಿರುವುದರಿಂದ ಎರಡರಷ್ಟು ಅಳತೆ ಕೊಡುವುದು ಒಳ್ಳೆಯದು. ಹಾಗೆ 1600 ಪಿಕ್ಸೆಲ್‌ಗೆ ಇಳಿಸಿದರೂ ಉಳಿಯುವುದು ಮೂಲದ ಸುಮಾರು ಆರನೆಯ ಒಂದು ಭಾಗ. ಈ ಇಳಿಕೆಯಿಂದ ನೋಡುವವರ ಕಣ್ಣಿಗೆ ಯಾವ ಕೊರತೆಯೂ ಆಗುವುದಿಲ್ಲ, ಏಕೆಂದರೆ ಹೆಚ್ಚುವರಿ ಪಿಕ್ಸೆಲ್‌ಗಳನ್ನು ಅವರ ಮೊಬೈಲ್ ಹೇಗೂ ತೋರಿಸುತ್ತಿರಲಿಲ್ಲ. ಆದ್ದರಿಂದ ಮೊದಲು ಅಳತೆಯನ್ನು ಇಳಿಸಿ, ಆಮೇಲೆ ಗುಣಮಟ್ಟದ ಅಂಕಿಗೆ ಕೈಹಾಕಿ.

ಅಳತೆ ಇಳಿಸುವಾಗ ಸೀರೆಯ ಚಿತ್ರಕ್ಕೆ ವಿಶೇಷವಾದ ಒಂದು ಅಪಾಯವಿದೆ. ಒಡಲಿನ ಸಣ್ಣ ಚೌಕಳಿ ಮತ್ತು ಗೆರೆಗಳು ಪಿಕ್ಸೆಲ್‌ಗಳ ಸಾಲಿನೊಂದಿಗೆ ಹೊಂದದೆ ಹೋದಾಗ, ಬಟ್ಟೆಯಲ್ಲಿ ಇಲ್ಲದ ಅಲೆಯಂತಹ ಪಟ್ಟಿಗಳು ಚಿತ್ರದಲ್ಲಿ ಮೂಡುತ್ತವೆ. ಅಳತೆ ಇಳಿಸುವ ತಂತ್ರಾಂಶದಲ್ಲಿ ಲ್ಯಾಂಕ್ಜೋಸ್ ಎಂಬ ವಿಧಾನವಿದ್ದರೆ ಅದನ್ನೇ ಆರಿಸಿಕೊಳ್ಳಿ. ಹತ್ತಿರದ ಪಿಕ್ಸೆಲ್ ಒಂದನ್ನು ಎತ್ತಿಟ್ಟು ಉಳಿದವನ್ನು ಬಿಡುವ ವಿಧಾನ ನೇಯ್ಗೆಯ ಚಿತ್ರಕ್ಕೆ ಎಂದಿಗೂ ಬೇಡ. ಅಳತೆ ಇಳಿದ ಮೇಲೆ ಚಿತ್ರ ತುಸು ಮಂಕಾಗುವುದು ಸಹಜ. ಆಗ ಸ್ವಲ್ಪವೇ ಶಾರ್ಪನ್ ಮಾಡಿದರೆ ಎಳೆಗಳು ಮತ್ತೆ ಎದ್ದು ಕಾಣುತ್ತವೆ. ಈ ಕೆಲಸವನ್ನು ಅಳತೆ ಇಳಿಸುವ ಮೊದಲೇ ಮಾಡಿದರೆ ಪ್ರಯೋಜನವಿಲ್ಲ.

ಇನ್ನು ಬಣ್ಣದ ವಿಚಾರ. ಫೋಟೊಗಳನ್ನು ಕುಗ್ಗಿಸಿ ಇಡಲು ಹೆಚ್ಚಾಗಿ ಬಳಸುವ ಜೆಪೆಗ್ ವಿಧಾನವು ಚಿತ್ರವನ್ನು ಬೆಳಕು ಮತ್ತು ಬಣ್ಣ ಎಂದು ಬೇರ್ಪಡಿಸಿ ಇಡುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸದು ಎಂಬ ಕಾರಣಕ್ಕೆ, ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್‌ಗೂ ಉಳಿಸಿಕೊಂಡು, ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡಿ, ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣ ಎಂಬಂತೆ ಬರೆದಿಡುವುದು ವಾಡಿಕೆ. ತಂತ್ರಾಂಶಗಳಲ್ಲಿ ಇದನ್ನು 4:2:0 ಎಂದು ಗುರುತಿಸುತ್ತಾರೆ. ಹೊಲ, ಆಕಾಶ, ಜನರ ಮುಖ ಇರುವ ಫೋಟೊಗಳಲ್ಲಿ ಈ ಉಳಿತಾಯ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಕಡುಕೆಂಪಿನ ಪಕ್ಕದಲ್ಲಿ ಒಂದೆರಡು ಪಿಕ್ಸೆಲ್ ಅಗಲದ ಬಿಳಿ ಎಳೆ ಬಂದಾಗ ಆ ನಾಲ್ಕು ಪಿಕ್ಸೆಲ್‌ಗಳ ಪಾಲಿಗೆ ಬರುವ ಬಣ್ಣ ಕೆಂಪೂ ಅಲ್ಲ, ಬಿಳಿಯೂ ಅಲ್ಲ. ನಿಮ್ಮ ತೋಪು ತೆನಿಯ ತುದಿಗಳು ಗುಲಾಬಿಯಾಗುವುದು ಇದರಿಂದಲೇ. ರಾಜ್ಯೋತ್ಸವದ ಪೋಸ್ಟರ್‌ಗಳಲ್ಲಿ ಹಳದಿಯ ಮೇಲಿನ ಕೆಂಪು ಅಕ್ಷರಗಳ ಅಂಚು ಕಂದಿದಂತೆ ಕಾಣುವುದಕ್ಕೂ ಇದೇ ಕಾರಣ.

ಪರಿಹಾರವೆಂದರೆ ಬಣ್ಣವನ್ನು ಅರ್ಧ ಮಾಡುವ ಈ ಕ್ರಮವನ್ನು ನಿಲ್ಲಿಸಿ 4:4:4 ಎಂಬುದನ್ನು ಆರಿಸಿಕೊಳ್ಳುವುದು. ಬ್ರೌಸರಿನಲ್ಲಿಯೇ ನಡೆಯುವ ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ಮೋಜ್‌ಜೆಪೆಗ್ ಆರಿಸಿಕೊಂಡು ಮುಂದುವರಿದ ಆಯ್ಕೆಗಳನ್ನು ತೆರೆದರೆ ಇದು ಸಿಗುತ್ತದೆ. ಚಿತ್ರ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದೂ ಇಲ್ಲ. ಫೈಲು ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ. ಸೀರೆ ಕೊಳ್ಳುವವರು ನೋಡುವುದು ಸೆರಗನ್ನು, ಅಂಚನ್ನು. ಹಿನ್ನೆಲೆಯ ಗೋಡೆಯಲ್ಲಿ ಎಷ್ಟು ಬೇಕಾದರೂ ಉಳಿತಾಯ ಮಾಡಬಹುದು, ಸೆರಗಿನಲ್ಲಿ ಮಾಡಬಾರದು. ಸಾದಾ ಗೋಡೆಯ ಮುಂದೆ ಅಥವಾ ಒಂದೇ ಬಣ್ಣದ ಹಾಸಿನ ಮೇಲೆ ಸೀರೆಯನ್ನಿಟ್ಟು ಫೋಟೊ ತೆಗೆದರೆ ಹಿನ್ನೆಲೆಗೆ ಖರ್ಚಾಗುವ ಕೆಬಿಗಳು ತಾವಾಗಿಯೇ ಕಡಿಮೆಯಾಗುತ್ತವೆ. ಇಡೀ ಸೀರೆಯ ದೊಡ್ಡ ಚಿತ್ರವನ್ನು ಹಿಗ್ಗಿಸಿ ನೋಡಿ ಎನ್ನುವುದಕ್ಕಿಂತ, ಸೆರಗನ್ನು ಹತ್ತಿರದಿಂದ ತೆಗೆದ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿ ಕೊಡುವುದು ಗ್ರಾಹಕರಿಗೂ ಅನುಕೂಲ, ಪುಟಕ್ಕೂ ಹಗುರ.

ಪ್ರಶ್ನೆ: ಚಿತ್ರವನ್ನು ಉಳಿಸುವಾಗ ಕ್ವಾಲಿಟಿ 80 ಎಂದು ಕೊಟ್ಟರೆ ಚಿತ್ರದ ಶೇಕಡಾ 80ರಷ್ಟು ಉಳಿಯುತ್ತದೆ ಎಂದು ಅರ್ಥವೇ? ಉಳಿದ 20 ಎಲ್ಲಿಗೆ ಹೋಗುತ್ತದೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಅದು ಶೇಕಡಾವಾರು ಲೆಕ್ಕವಲ್ಲ. ಆ ಅಂಕಿ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಜೆಪೆಗ್‌ನ ಒಳಗೆ ಒಮ್ಮೆ ಇಣುಕಬೇಕು. ಅದರ ನಡುವಿರುವ ಗಣಿತಕ್ಕೂ ನಮ್ಮ ಬೆಂಗಳೂರಿಗೂ ನಂಟಿರುವುದರಿಂದ ಉತ್ತರ ತುಸು ಉದ್ದವಾದರೂ ಅಡ್ಡಿಯಿಲ್ಲ ಎಂದುಕೊಳ್ಳುತ್ತೇವೆ.

ಜೆಪೆಗ್ ವಿಧಾನವು ಚಿತ್ರವನ್ನು ಅಡ್ಡ ಎಂಟು, ಉದ್ದ ಎಂಟು ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕದಲ್ಲಿ 64 ಅಂಕಿಗಳಿರುತ್ತವೆ. ಈ 64 ಅಂಕಿಗಳನ್ನು ಗಣಿತದ ಮೂಲಕ ಬೇರೊಂದು ಬಗೆಯ 64 ಅಂಕಿಗಳಾಗಿ ಪರಿವರ್ತಿಸುತ್ತಾರೆ. ಹೊಸ ಅಂಕಿಗಳಲ್ಲಿ ಮೇಲಿನ ಎಡತುದಿಯದು ಇಡೀ ಚೌಕದ ಸರಾಸರಿ ಬೆಳಕನ್ನು ಸೂಚಿಸುತ್ತದೆ. ಅಲ್ಲಿಂದ ಬಲಕ್ಕೂ ಕೆಳಕ್ಕೂ ಸರಿದಂತೆ ಹೆಚ್ಚು ಹೆಚ್ಚು ಸಣ್ಣ ಏರಿಳಿತಗಳನ್ನು ಹೇಳುವ ಅಂಕಿಗಳು ಬರುತ್ತವೆ. ಕೆಳಗಿನ ಬಲತುದಿಯ ಅಂಕಿ ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ ಆಗುವ ಅತಿ ಸೂಕ್ಷ್ಮ ಬದಲಾವಣೆಯದು. ಇಷ್ಟರವರೆಗೆ ಎಸೆದದ್ದು ಏನೂ ಇಲ್ಲ. ಅಂಕಿಗಳನ್ನು ಪೂರ್ಣಾಂಕಕ್ಕೆ ತರುವಾಗ ಆಗುವ ಸಣ್ಣ ವ್ಯತ್ಯಾಸವನ್ನು ಬಿಟ್ಟರೆ ಮೂಲ ಚಿತ್ರವನ್ನು ಹಾಗೆಯೇ ಮರಳಿ ಪಡೆಯಬಹುದು.

ಎಸೆಯುವ ಕೆಲಸ ನಡೆಯುವುದು ಮುಂದಿನ ಹಂತದಲ್ಲಿ. ಒಂದೊಂದು ಅಂಕಿಯನ್ನೂ ಕೋಷ್ಟಕದಲ್ಲಿರುವ ಭಾಜಕದಿಂದ ಭಾಗಿಸಿ, ಬಂದದ್ದನ್ನು ಪೂರ್ಣಾಂಕಕ್ಕೆ ಇಳಿಸುತ್ತಾರೆ. ಜೆಪೆಗ್ ಮಾನಕದ ಜೊತೆಯಲ್ಲಿ ಮಾದರಿಯಾಗಿ ಕೊಟ್ಟಿರುವ ಬೆಳಕಿನ ಕೋಷ್ಟಕದಲ್ಲಿ ಮೇಲಿನ ಎಡತುದಿಯ ಭಾಜಕ 16, ಕೆಳಗಿನ ಬಲತುದಿಯದು 99. ಬಹಳ ತಂತ್ರಾಂಶಗಳು ಬಳಸುವ ಲಿಬ್‌ಜೆಪೆಗ್‌ನಲ್ಲಿ ಕ್ವಾಲಿಟಿ 50 ಎಂದರೆ ಇದೇ ಕೋಷ್ಟಕ. ಕ್ವಾಲಿಟಿ 80 ಎಂದಾಗ ಆ ಭಾಜಕಗಳು 6 ಮತ್ತು 40ಕ್ಕೆ ಇಳಿಯುತ್ತವೆ. 100 ಎಂದಾಗ ಎಲ್ಲವೂ 1 ಆಗುತ್ತವೆ. ಒಂದು ಚೌಕದ ಬಲತುದಿಯಲ್ಲಿ 15 ಎಂಬ ಅಂಕಿ ಇದೆ ಎಂದುಕೊಳ್ಳಿ. ಕ್ವಾಲಿಟಿ 80ರಲ್ಲಿ 15ನ್ನು 40ರಿಂದ ಭಾಗಿಸಿದರೆ ಅರ್ಧಕ್ಕಿಂತ ಕಡಿಮೆ ಬರುವುದರಿಂದ ಅದು ಸೊನ್ನೆಯಾಗುತ್ತದೆ, ಮತ್ತೆ ಎಂದಿಗೂ 15 ಆಗುವುದಿಲ್ಲ. ಹೀಗೆ ಬಂದ ಸೊನ್ನೆಗಳ ಉದ್ದನೆಯ ಸಾಲನ್ನು ಚುಟುಕಾಗಿ ಬರೆದಿಡಬಹುದಾದ್ದರಿಂದಲೇ ಫೈಲು ಚಿಕ್ಕದಾಗುತ್ತದೆ. ನೀವು ಕೇಳಿದ ಉಳಿದ ಭಾಗ ಹೋಗುವುದು ಈ ಸೊನ್ನೆಗಳಲ್ಲಿ.

ಆ ಪರಿವರ್ತನೆಯ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ಕಂಡುಕೊಂಡ ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ಹೋದವರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಈ ಸಂಶೋಧನೆಗೆ ಹಣ ಕೋರಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು. ವಿಚಾರ ತೀರಾ ಸರಳವಾಯಿತೆಂದು ಅರ್ಜಿ ತಿರಸ್ಕೃತವಾಯಿತು. ಆದರೂ ಅವರು ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. 1992ರಲ್ಲಿ ಜೆಪೆಗ್ ಮಾನಕ ರೂಪುಗೊಂಡಾಗ ಅದರ ತಿರುಳಾಗಿದ್ದದ್ದು ಇದೇ ಗಣಿತ. ಡಿಜಿಟಲ್ ವಿಡಿಯೊ ಕುಗ್ಗಿಸುವ ಹಲವು ವಿಧಾನಗಳೂ ಇದನ್ನೇ ಆಧರಿಸಿವೆ. ಬೆಂಗಳೂರಿನ ಎಂಜಿನಿಯರಿಂಗ್ ತರಗತಿಗಳಲ್ಲಿ ಈ ಹೆಸರನ್ನು ಈಗಿರುವುದಕ್ಕಿಂತ ಹೆಚ್ಚು ಹೆಮ್ಮೆಯಿಂದ ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಅಂಕಿಯ ವಿಷಯಕ್ಕೆ ಮರಳೋಣ. ಒಂದೊಂದು ತಂತ್ರಾಂಶ ತನ್ನದೇ ಕೋಷ್ಟಕವನ್ನು ಇಟ್ಟುಕೊಳ್ಳಬಹುದು, ಹಾಗಾಗಿ ಒಂದರ 80 ಇನ್ನೊಂದರ 80ಕ್ಕೆ ಸಮವಾಗಬೇಕಾಗಿಲ್ಲ. ಫೋಟೊಶಾಪ್ ಉಳಿಸುವ ಒಂದು ಕಡೆ 0ಯಿಂದ 12ರ ಅಳತೆಗೋಲನ್ನೇ ಕೊಡುತ್ತದೆ. ಅಂಕಿಯನ್ನು ನಂಬುವ ಬದಲು ಚಿತ್ರವನ್ನು ನೋಡಿ ತೀರ್ಮಾನಿಸಿ. 80ರಿಂದ ಆರಂಭಿಸಿ, ಮೂಲ ಚಿತ್ರವನ್ನೂ ಕುಗ್ಗಿಸಿದ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು, ಹಿಗ್ಗಿಸದೆ, ನೋಡುವವರು ನೋಡುವ ಅಳತೆಯಲ್ಲಿಯೇ ಗಮನಿಸಿ. ಆ ಚಿತ್ರದಲ್ಲಿ ಮುಖ್ಯವಾದ ಭಾಗ ಯಾವುದೋ ಅಲ್ಲಿ ದೋಷ ಕಾಣುವವರೆಗೆ ಅಂಕಿಯನ್ನು ಐದೈದರಂತೆ ಇಳಿಸಿ, ದೋಷ ಕಂಡ ಕೂಡಲೇ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. 90ರಿಂದ 100ಕ್ಕೆ ಹೋಗುವಾಗ ಫೈಲು ವಿಪರೀತ ಹಿಗ್ಗುತ್ತದೆ, ಕಣ್ಣಿಗೆ ಕಾಣುವ ಲಾಭ ಬಹಳ ಕಡಿಮೆ. ಒಮ್ಮೆ ಕುಗ್ಗಿಸಿದ ಜೆಪೆಗ್ ಫೈಲನ್ನು ತೆರೆದು ತಿದ್ದಿ ಮತ್ತೆ ಉಳಿಸಿದಾಗ, ಅದರಲ್ಲಿಯೂ ಅಂಚನ್ನು ಕತ್ತರಿಸಿ ಚೌಕಗಳ ಜಾಗ ಬದಲಾದಾಗ, ಭಾಗಿಸುವ ಕೆಲಸ ಮತ್ತೆ ಮೊದಲಿನಿಂದ ನಡೆದು ಹೊಸ ನಷ್ಟ ಸೇರಿಕೊಳ್ಳುತ್ತದೆ. ಮೂಲ ಫೈಲನ್ನು ಬೇರೆಯಾಗಿ ಕಾಪಾಡಿಕೊಂಡು, ಎಲ್ಲ ತಿದ್ದುಪಡಿಗಳನ್ನೂ ಅದರಲ್ಲಿಯೇ ಮಾಡಿ, ಕೊನೆಗೆ ಒಂದೇ ಬಾರಿ ಕುಗ್ಗಿಸುವ ರೂಢಿ ಇಟ್ಟುಕೊಳ್ಳಿ.

ಪ್ರಶ್ನೆ: ರಾತ್ರಿಯ ಯಕ್ಷಗಾನ ಪ್ರದರ್ಶನಗಳ ಫೋಟೊಗಳನ್ನು ನಮ್ಮ ಸಂಘದ ತಾಣಕ್ಕೆ ಹಾಕುತ್ತೇವೆ. ಹಗಲಿನ ಫೋಟೊಗಳಿಗಿಂತ ಇವೇ ಹೆಚ್ಚು ಭಾರ. ಕುಗ್ಗಿಸಿದರೆ ಕತ್ತಲಿನ ಭಾಗದಲ್ಲಿ ಚೌಕ ಚೌಕವಾಗಿ ಕಲೆ ಬೀಳುತ್ತದೆ. ಕತ್ತಲೆಗೆ ಇಷ್ಟು ಭಾರ ಏಕೆ?
— ಯಕ್ಷಗಾನ ಸಂಘದ ಕಾರ್ಯದರ್ಶಿ, ಪುತ್ತೂರು

ಉತ್ತರ: ಭಾರವಿರುವುದು ಕತ್ತಲೆಯಲ್ಲಲ್ಲ, ಅದರೊಳಗಿನ ಗುಜುಗುಜು ಚುಕ್ಕೆಗಳಲ್ಲಿ. ಬೆಳಕು ಸಾಲದಿದ್ದಾಗ ಕ್ಯಾಮೆರಾ ತನ್ನ ಬೆಳಕಿನ ಸಂವೇದನೆಯನ್ನು, ಅಂದರೆ ಐಎಸ್‌ಒವನ್ನು, ಏರಿಸಿ ತೆಗೆಯುತ್ತದೆ, ಆಗ ಪರದೆಯ ಹಿಂದಿನ ಕತ್ತಲಿನಲ್ಲಿಯೂ ಬಣ್ಣಬಣ್ಣದ ಸಣ್ಣ ಚುಕ್ಕೆಗಳು ತುಂಬಿಕೊಳ್ಳುತ್ತವೆ. ಹಿಂದಿನ ಉತ್ತರದಲ್ಲಿ ಹೇಳಿದಂತೆ ಸೂಕ್ಷ್ಮ ಏರಿಳಿತಗಳು ಹೆಚ್ಚಾದಷ್ಟೂ ಸೊನ್ನೆಗಳು ಕಡಿಮೆಯಾಗುತ್ತವೆ. ಕಿರೀಟದ ಮಿಂಚಿಗೂ ಮುಖದ ಚಿಟ್ಟಿಗೂ ಸಲ್ಲಬೇಕಾದ ಕೆಬಿಗಳನ್ನು ಈ ಚುಕ್ಕೆಗಳು ತಿಂದುಹಾಕುತ್ತವೆ.

ಆದ್ದರಿಂದ ಕುಗ್ಗಿಸುವ ಮೊದಲು ಹಿನ್ನೆಲೆಯಲ್ಲಿ ಮಾತ್ರ ನಾಯ್ಸ್, ಅಂದರೆ ಈ ಚುಕ್ಕೆಗಳನ್ನು, ತೆಗೆಯಿರಿ. ಲೈಟ್‌ರೂಮ್, ಡಾರ್ಕ್‌ಟೇಬಲ್‌ನಂತಹ ತಂತ್ರಾಂಶಗಳಲ್ಲಿ ಚಿತ್ರದ ಒಂದು ಭಾಗವನ್ನಷ್ಟೇ ಗುರುತಿಸಿ ಈ ಕೆಲಸ ಮಾಡಬಹುದು. ಇಡೀ ಚಿತ್ರಕ್ಕೆ ಬಲವಾಗಿ ಮಾಡಿದರೆ ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಒಂದೊಂದಾಗಿ ಇಟ್ಟ ಚಿಟ್ಟಿಯ ಮುಳ್ಳುಗಳೂ ಚುಕ್ಕೆಗಳೆಂದೇ ಎಣಿಕೆಯಾಗಿ ಅಳಿಸಿಹೋಗುತ್ತವೆ. ಗಂಟೆಗಟ್ಟಲೆ ಕೂತು ಬರೆದ ಮುಖವರ್ಣಿಕೆಯನ್ನು ತಂತ್ರಾಂಶವೊಂದು ಸವರಿಹಾಕುವುದಕ್ಕೆ ಅವಕಾಶ ಕೊಡಬಾರದು.

ಇದಕ್ಕೆ ಒಂದು ಮಿತಿಯೂ ಇದೆ. ಕಪ್ಪಿನಿಂದ ಕಡುನೀಲಿಗೆ ನಿಧಾನವಾಗಿ ತಿರುಗುವ ಹಿನ್ನೆಲೆಯಲ್ಲಿ ಚುಕ್ಕೆಗಳನ್ನು ಪೂರ್ತಿ ತೆಗೆದುಬಿಟ್ಟರೆ, ಕುಗ್ಗಿಸಿದಾಗ ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳು ಮೂಡುತ್ತವೆ. ತೆಳುವಾಗಿ ಒಂದಿಷ್ಟು ಚುಕ್ಕೆ ಉಳಿದಿದ್ದರೆ ಆ ಪಟ್ಟೆಗಳು ಕಣ್ಣಿಗೆ ಬೀಳುವುದಿಲ್ಲ. ಹಿನ್ನೆಲೆ ನಿಜವಾಗಿಯೂ ಬೇಡವಾಗಿದ್ದರೆ ಅದನ್ನು ಇನ್ನಷ್ಟು ಕಪ್ಪಾಗಿಸಿಬಿಡುವುದು ಎಲ್ಲಕ್ಕಿಂತ ಸುಲಭ. ಅಚ್ಚ ಕಪ್ಪಿನ ಚೌಕಕ್ಕೆ ಹೆಚ್ಚುಕಡಿಮೆ ಏನೂ ಖರ್ಚಿಲ್ಲ.

ಪ್ರಶ್ನೆ: ವೆಬ್‌ಪಿ, ಎವಿಐಎಫ್ ಎಂಬ ಹೊಸ ಬಗೆಗಳು ಬಂದಿವೆ ಎನ್ನುತ್ತಾರೆ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಯ ಶಿಲ್ಪಗಳ ನನ್ನ ಫೋಟೊಗಳನ್ನು ಯಾವ ಬಗೆಯಲ್ಲಿ ಹಾಕಬೇಕು? ಜೆಪೆಗ್ ಅನ್ನು ಬಿಟ್ಟುಬಿಡಬಹುದೇ?
— ಹವ್ಯಾಸಿ ಛಾಯಾಗ್ರಾಹಕ, ಹಾಸನ

ಉತ್ತರ: ವೆಬ್‌ಪಿಯನ್ನು ಗೂಗಲ್ 2010ರಲ್ಲಿ ಹೊರತಂದಿತು. ವಿಪಿ8 ಎಂಬ ವಿಡಿಯೊ ವಿಧಾನದ ಒಂದು ಚೌಕಟ್ಟನ್ನು ಇಡುವ ಕ್ರಮವೇ ಅದರ ಆಧಾರ. ಸಮಾನ ಗುಣಮಟ್ಟದಲ್ಲಿ ಜೆಪೆಗ್‌ಗಿಂತ ಶೇಕಡಾ 25ರಿಂದ 34ರಷ್ಟು ಚಿಕ್ಕದಾಗುತ್ತದೆ ಎಂಬುದು ಗೂಗಲ್‌ನ ಹೇಳಿಕೆ. ಅಲೈಯನ್ಸ್ ಫಾರ್ ಓಪನ್ ಮೀಡಿಯಾ 2019ರಲ್ಲಿ ಅಂತಿಮಗೊಳಿಸಿದ ಎವಿಐಎಫ್ ಎವಿ1 ಎಂಬ ವಿಡಿಯೊ ವಿಧಾನದಿಂದ ಬಂದದ್ದು. ಅದು ಇನ್ನೂ ಚಿಕ್ಕದಾಗಬಲ್ಲದು. ವೆಬ್‌ಪಿಯನ್ನು 2020ರಲ್ಲಿ ಸಫಾರಿಯೂ ಒಪ್ಪಿಕೊಂಡ ಮೇಲೆ ಮುಖ್ಯ ಬ್ರೌಸರುಗಳಲ್ಲೆಲ್ಲ ಅದು ನಡೆಯುತ್ತದೆ. ಎವಿಐಎಫ್ ಕ್ರೋಮ್‌ಗೆ 2020ರಲ್ಲಿ, ಫೈರ್‌ಫಾಕ್ಸ್‌ಗೆ 2021ರಲ್ಲಿ, ಸಫಾರಿಗೆ 2022ರಲ್ಲಿ, ಎಡ್ಜ್‌ಗೆ 2024ರಲ್ಲಿ ಬಂತು. ಹಳೆಯ ಮೊಬೈಲ್ ಇಟ್ಟುಕೊಂಡವರ ಕೈಯಲ್ಲಿ ಅದು ತೆರೆಯದೆ ಹೋಗಬಹುದು. ಜಾಲಪುಟವನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಪಿಕ್ಚರ್ ಎಂಬ ಅಂಶದೊಳಗೆ ಎವಿಐಎಫ್, ವೆಬ್‌ಪಿ, ಜೆಪೆಗ್ ಮೂರನ್ನೂ ಅದೇ ಕ್ರಮದಲ್ಲಿ ಬರೆದಿಟ್ಟರೆ, ಬ್ರೌಸರು ತನಗೆ ಗೊತ್ತಿರುವ ಮೊದಲನೆಯದನ್ನು ತೆಗೆದುಕೊಂಡು ಉಳಿದವನ್ನು ಇಳಿಸಿಕೊಳ್ಳದೆ ಬಿಡುತ್ತದೆ. ಜೆಪೆಗ್ ಅನ್ನು ಬಿಡುವ ಅಗತ್ಯವೇ ಬರುವುದಿಲ್ಲ.

ಆದರೆ ನಿಮ್ಮ ಚಿತ್ರಗಳ ವಿಷಯದಲ್ಲಿ ಬಗೆಯನ್ನು ಆರಿಸುವುದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೊಯ್ಸಳ ಶಿಲ್ಪಗಳ ಬಳಪದ ಕಲ್ಲಿನ ಮೈಯಲ್ಲಿ ಬಣ್ಣದ ವ್ಯತ್ಯಾಸ ಕಡಿಮೆ, ಬೆಳಕು ನೆರಳಿನ ವ್ಯತ್ಯಾಸವೂ ಬಹಳ ತೆಳು. ಮದನಿಕೆಯ ಕೊರಳ ಹಾರದ ಒಂದೊಂದು ಮಣಿಯನ್ನು ಬಿಡಿಸಿದ ಉಳಿಯ ಗೆರೆ, ಶತಮಾನಗಳ ಸವೆತದಿಂದ ಬಂದ ಒರಟು, ಒಂದು ಕಡೆ ಹಿಡಿದ ಹಾವಸೆ, ಇವೆಲ್ಲ ಸೂಕ್ಷ್ಮವಾದ ಆದರೆ ಮೆಲುವಾದ ಏರಿಳಿತಗಳು. ಎವಿಐಎಫ್ ಗಟ್ಟಿ ಅಂಚುಗಳನ್ನು ಕಡಿಮೆ ಕೆಬಿಗಳಲ್ಲಿಯೂ ಅಚ್ಚುಕಟ್ಟಾಗಿ ಉಳಿಸುತ್ತದೆ, ಮೆಲುವಾದ ಒರಟನ್ನು ಮಾತ್ರ ನುಣ್ಣಗೆ ಸವರಿಬಿಡುತ್ತದೆ. ಅಂಚುಗಳು ಚೊಕ್ಕಟವಾಗಿರುವುದರಿಂದ ಮೊದಲ ನೋಟಕ್ಕೆ ಚಿತ್ರ ಸುಂದರವಾಗಿಯೇ ಕಾಣುತ್ತದೆ. ಮೂಲದ ಪಕ್ಕದಲ್ಲಿ ಇಟ್ಟಾಗಲೇ ಕಲ್ಲು ಹೋಗಿ ಮೇಣದ ಗೊಂಬೆ ಬಂದು ನಿಂತಿದೆ ಎಂದು ತಿಳಿಯುವುದು. ಜೆಪೆಗ್ ಕೆಟ್ಟಾಗ ಚೌಕಗಳು ಕಂಡು ಕೆಟ್ಟಿದೆ ಎಂದು ತಾನೇ ಹೇಳುತ್ತದೆ, ಎವಿಐಎಫ್ ಹಾಗೆ ಹೇಳುವುದಿಲ್ಲ. ಆದ್ದರಿಂದ ಶಿಲ್ಪದ ಚಿತ್ರಗಳಿಗೆ ಎವಿಐಎಫ್ ಬಳಸುವುದಾದರೆ ಗುಣಮಟ್ಟವನ್ನು ಎತ್ತರದಲ್ಲಿಯೇ ಇಡಿ, ಬರುವ ಉಳಿತಾಯ ಕಡಿಮೆಯಾದರೂ ಸಾಕೆನ್ನಿ. ಶಿಲ್ಪಿಯ ಉಳಿಯ ಗುರುತನ್ನು ತೋರಿಸುವ ಸಲುವಾಗಿಯೇ ತೆಗೆದ ಚಿತ್ರದಲ್ಲಿ ಅದೇ ಅಳಿಸಿಹೋದರೆ ಉಳಿಸಿದ ಕೆಬಿಗಳಿಗೆ ಬೆಲೆಯಿಲ್ಲ.

ಇಳಕಲ್‌ನ ಓದುಗರೂ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ನಷ್ಟಸಹಿತ ವೆಬ್‌ಪಿಯಲ್ಲಿ ಬಣ್ಣ ಯಾವಾಗಲೂ 4:2:0 ಕ್ರಮದಲ್ಲಿಯೇ ಇರುತ್ತದೆ, ಬೇರೆ ಆಯ್ಕೆ ಇಲ್ಲ. ಶಾರ್ಪ್ ವೈಯುವಿ ಎಂಬ ಆಯ್ಕೆಯಿಂದ ಕೆಂಪಿನ ಅಂಚುಗಳು ಸ್ವಲ್ಪ ಸುಧಾರಿಸುತ್ತವೆ, ಪೂರ್ತಿಯಾಗಿ ಅಲ್ಲ. ಎವಿಐಎಫ್‌ನಲ್ಲಿ 4:4:4 ಸಾಧ್ಯ.

ಪ್ರಶ್ನೆ: ಹಳೆಯ ಕನ್ನಡ ನಿಯತಕಾಲಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಓದಲು ಸಿಗುವಂತೆ ಮಾಡುತ್ತಿದ್ದೇವೆ. ಅಚ್ಚಕಪ್ಪು-ಬಿಳುಪಿಗೆ ತಿರುಗಿಸಿದರೆ ಪುಟ ತುಂಬ ಚಿಕ್ಕದಾಗುತ್ತದೆ ಎಂದು ಸ್ಕ್ಯಾನಿಂಗ್ ಮಾಡುವ ಹುಡುಗರು ಹೇಳುತ್ತಾರೆ. ಹಾಗೆ ಮಾಡಬಹುದೇ?
— ನಿವೃತ್ತ ಗ್ರಂಥಪಾಲಕರು, ಧಾರವಾಡ

ಉತ್ತರ: ನಿಮ್ಮ ಕೆಲಸಕ್ಕೆ ಮೊದಲು ಕೃತಜ್ಞತೆ. ಈ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ.

2013ರ ಆಗಸ್ಟಿನಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ವಿಚಿತ್ರವನ್ನು ಬಹಿರಂಗಪಡಿಸಿದರು. ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಒಂದು ಕಟ್ಟಡದ ನಕ್ಷೆಯಲ್ಲಿ ಕೋಣೆಗಳ ವಿಸ್ತೀರ್ಣವನ್ನು ಹೇಳುವ ಅಂಕಿಗಳೇ ಬದಲಾಗಿದ್ದವು. 14.13, 21.11, 17.42 ಎಂದಿದ್ದ ಮೂರು ಕೋಣೆಗಳೂ ಸ್ಕ್ಯಾನ್‌ನಲ್ಲಿ 14.13 ಎಂದೇ ಬಂದಿದ್ದವು. ಬೇರೆ ಕಾಗದಗಳಲ್ಲಿ 6 ಎಂಬುದು 8 ಆಗಿತ್ತು. ಅಕ್ಷರಗಳು ಮಸುಕಾಗಿರಲಿಲ್ಲ, ಅಚ್ಚುಕಟ್ಟಾಗಿಯೇ ಇದ್ದವು, ಆದರೆ ತಪ್ಪಾಗಿದ್ದವು. ಕಾರಣ ಜೆಬಿಗ್2 ಎಂಬ ಕುಗ್ಗಿಸುವ ವಿಧಾನ. ಪುಟದಲ್ಲಿ ಒಂದನ್ನೊಂದು ಹೋಲುವ ಆಕಾರಗಳಿದ್ದರೆ ಒಂದನ್ನು ಮಾತ್ರ ಉಳಿಸಿಕೊಂಡು, ಉಳಿದ ಕಡೆಗಳಲ್ಲೆಲ್ಲ ಅದನ್ನೇ ಅಂಟಿಸುವ ಕ್ರಮ ಅದರಲ್ಲಿದೆ. ಜೆರಾಕ್ಸ್ ಕಂಪನಿ ಆಮೇಲೆ ತಿದ್ದುಪಡಿಯನ್ನು ಹೊರಡಿಸಿತು.

ಕನ್ನಡ ಲಿಪಿಯಲ್ಲಿ ಇದು ಎಷ್ಟು ಅಪಾಯಕಾರಿ ಎಂಬುದು ನಿಮಗೆ ಬೇರೆ ಹೇಳಬೇಕಾಗಿಲ್ಲ. ದಕಾರಕ್ಕೂ ಧಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ ನಡುವಿರುವುದು ಹೊಟ್ಟೆ ಸೀಳಿದ ಒಂದು ಸಣ್ಣ ಗೀಟು. ಪಕಾರಕ್ಕೂ ಷಕಾರಕ್ಕೂ ನಡುವೆ ಒಳಗಿನ ಒಂದು ಎಳೆ. ಮೊಳೆ ಸವೆದ ಹಳೆಯ ಮುದ್ರಣದಲ್ಲಿ ಆ ಗೀಟು ಮೊದಲೇ ಮುಕ್ಕಾಲು ಅಳಿಸಿರುತ್ತದೆ. ಸ್ಕ್ಯಾನರ್ ಅಥವಾ ಪಿಡಿಎಫ್ ಮಾಡುವ ತಂತ್ರಾಂಶದ ಸೆಟ್ಟಿಂಗ್‌ಗಳಲ್ಲಿ ಜೆಬಿಗ್2 ಇದ್ದರೆ ನಷ್ಟರಹಿತ ಎಂಬುದನ್ನೇ ಆರಿಸಬೇಕು. ಆ ಆಯ್ಕೆ ಕಾಣದಿದ್ದರೆ ಜೆಬಿಗ್2 ಬೇಡವೇ ಬೇಡ. ಆ ವಿಧಾನವನ್ನು ಬಿಟ್ಟು ಬರಿಯ ಕಪ್ಪು-ಬಿಳುಪು ಮಾಡಿದರೂ ಸಣ್ಣಕ್ಷರದ ಒತ್ತುಗಳು ತುಂಡಾಗುತ್ತವೆ ಇಲ್ಲವೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ನಮ್ಮ ಸಲಹೆ ಹೀಗಿದೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆಗಳಂತೆ), ಬಣ್ಣದಲ್ಲಿಯೇ, ನಷ್ಟವಿಲ್ಲದ ಟಿಫ್ ಫೈಲಾಗಿ ಸ್ಕ್ಯಾನ್ ಮಾಡಿ ಮೂಲಪ್ರತಿಯನ್ನು ಕಾಪಾಡಿಡಿ. ಎ4 ಅಳತೆಯ ಪುಟ ಆಗ 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಎತ್ತರ ಬರುತ್ತದೆ. ಓದುಗರಿಗೆ ಕೊಡುವ ಪ್ರತಿಯನ್ನು ಅದರಿಂದ ಬೇರೆಯಾಗಿ ತಯಾರಿಸಿ: ಬೂದು ಛಾಯೆಗೆ ತಿರುಗಿಸಿ, ಅಗಲವನ್ನು 1400 ಅಥವಾ 1600 ಪಿಕ್ಸೆಲ್‌ಗೆ ಇಳಿಸಿ, 16 ಛಾಯೆಗಳ ಪಿಎನ್‌ಜಿಯಾಗಿ ಉಳಿಸಿ. ಅಕ್ಷರದ ಅಂಚು ನಯವಾಗಿ ಕಾಣಲು 16 ಛಾಯೆಗಳು ಸಾಕು. ತೆಳು ಕಾಗದದ ಹಿಂಬದಿಯ ಮುದ್ರಣ ಮುಂದೆ ಹಾಯ್ದು ಕಾಣುತ್ತಿದ್ದರೆ ಸ್ಕ್ಯಾನ್ ಮಾಡುವಾಗ ಪುಟದ ಹಿಂದೆ ಕಪ್ಪು ಹಾಳೆಯನ್ನಿಡಿ. ಕಾಗದದ ಹಳದಿ ಕಲೆಗಳನ್ನು ಲೆವೆಲ್ಸ್ ಹೊಂದಿಸಿ ಒಂದೇ ತಿಳಿಬಣ್ಣಕ್ಕೆ ತಂದರೆ ಫೈಲು ಬಹಳಷ್ಟು ಇಳಿಯುತ್ತದೆ. ಈ ಹಂತದಲ್ಲಿ ಅನುಸ್ವಾರಗಳು ಮಾಯವಾಗಿಲ್ಲವೆಂದು ಒಂದೆರಡು ಪುಟಗಳನ್ನು ಮೂಲದ ಜೊತೆಗಿಟ್ಟು ಓದಿ ನೋಡಿ. ಫೋಟೊ ಇರುವ ಪುಟಗಳನ್ನು ಮಾತ್ರ ಜೆಪೆಗ್ ಮಾಡಿ.

ಪ್ರಶ್ನೆ: ನಮ್ಮ ಕನ್ನಡ ಕೂಟದ ಕಾರ್ಯಕ್ರಮಗಳ ಫೋಟೊಗಳನ್ನು ಸದಸ್ಯರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ತಾಣಕ್ಕೆ ಹಾಕಿದಾಗ ಮಂಕಾಗಿರುತ್ತವೆ. ಐಫೋನ್‌ನಿಂದ ನೇರವಾಗಿ ಬಂದ ಕೆಲವಂತೂ ತೆರೆಯುವುದೇ ಇಲ್ಲ, ತೆರೆದರೂ ಬಣ್ಣ ಸಪ್ಪೆ.
— ಕನ್ನಡ ಕೂಟದ ಸ್ವಯಂಸೇವಕಿ, ನ್ಯೂಜೆರ್ಸಿ

ಉತ್ತರ: ವಾಟ್ಸ್‌ಆ್ಯಪ್ ಫೋಟೊವನ್ನು ತಾನೇ ಅಳತೆ ಇಳಿಸಿ ಕುಗ್ಗಿಸಿ ಕಳುಹಿಸುತ್ತದೆ. ನೀವು ತಾಣಕ್ಕಾಗಿ ಮತ್ತೆ ಕುಗ್ಗಿಸಿದಾಗ ಅದು ಎರಡನೆಯ ನಷ್ಟ. ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಲು ಸದಸ್ಯರಿಗೆ ತಿಳಿಸಿ, ಆಗ ಮೂಲ ಫೈಲು ಬದಲಾಗದೆ ಬರುತ್ತದೆ. ಆದರೆ ಹಾಗೆ ಬಂದ ಫೈಲಿನಲ್ಲಿ ಫೋಟೊ ತೆಗೆದ ಜಾಗದ ಜಿಪಿಎಸ್ ವಿವರವೂ ಉಳಿದಿರುತ್ತದೆ. ಸದಸ್ಯರ ಮನೆಗಳಲ್ಲಿ, ಮಕ್ಕಳೊಡನೆ ತೆಗೆದ ಚಿತ್ರಗಳನ್ನು ತಾಣಕ್ಕೆ ಹಾಕುವ ಮೊದಲು ಆ ವಿವರವನ್ನು ಅಳಿಸುವುದು ನಿಮ್ಮ ಹೊಣೆ.

ತೆರೆಯದಿರುವ ಫೈಲುಗಳು ಎಚ್‌ಇಐಸಿ ಬಗೆಯವು. ಐಫೋನ್‌ಗಳು 2017ರಿಂದ ಈ ಬಗೆಯನ್ನು ಬಳಸುತ್ತಿವೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಇದನ್ನು ಪುಟದಲ್ಲಿ ತೋರಿಸುವುದಿಲ್ಲ. ಜೆಪೆಗ್ ಅಥವಾ ವೆಬ್‌ಪಿಗೆ ತಿರುಗಿಸಿಯೇ ಹಾಕಬೇಕು. ಬಣ್ಣ ಸಪ್ಪೆಯಾಗುವುದು ಅಲ್ಲಿಯೇ. ಐಫೋನ್ ಚಿತ್ರಗಳ ಬಣ್ಣಗಳು ಡಿಸ್‌ಪ್ಲೇ ಪಿ3 ಎಂಬ ವಿಸ್ತಾರವಾದ ವ್ಯಾಪ್ತಿಯಲ್ಲಿರುತ್ತವೆ. ಅದನ್ನು ಜಾಲತಾಣಗಳಲ್ಲಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿ ಎಂಬ ವ್ಯಾಪ್ತಿಗೆ ಪರಿವರ್ತಿಸದೆ, ಫೈಲಿನ ಭಾರ ಇಳಿಸುವ ನೆಪದಲ್ಲಿ ಆ ವ್ಯಾಪ್ತಿ ಯಾವುದೆಂದು ಹೇಳುವ ಬಣ್ಣದ ಪ್ರೊಫೈಲನ್ನು ಕಿತ್ತುಹಾಕಿದರೆ ರೇಷ್ಮೆಯ ಕೆಂಪು ಹಸಿರುಗಳೆಲ್ಲ ಬಾಡಿದಂತೆ ಕಾಣುತ್ತವೆ. ಮೊದಲು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಆಮೇಲೆ ಬೇಡದ ವಿವರಗಳನ್ನು ತೆಗೆಯಿರಿ.

ಪ್ರಶ್ನೆ: ನಮ್ಮ ಹೋಂಸ್ಟೇ ತಾಣದ ಎಲ್ಲ ಚಿತ್ರಗಳನ್ನೂ 200 ಕೆಬಿಗಿಂತ ಕೆಳಗೆ ಇಳಿಸಿದ್ದೇವೆ. ಆದರೂ ಪುಟ ನಿಧಾನ, ಓದುತ್ತಿರುವಾಗ ಬರಹ ಕೆಳಕ್ಕೆ ಜಾರುತ್ತದೆ.
— ಕಾಫಿ ಬೆಳೆಗಾರರು, ಮಡಿಕೇರಿ

ಉತ್ತರ: ಬರಹ ಜಾರುವುದಕ್ಕೆ ಕಾರಣ, ಚಿತ್ರ ಬಂದು ಸೇರುವವರೆಗೆ ಅದಕ್ಕೆ ಎಷ್ಟು ಜಾಗ ಬೇಕೆಂದು ಬ್ರೌಸರಿಗೆ ತಿಳಿಯದಿರುವುದು. ಪ್ರತಿ ಚಿತ್ರದ ಜೊತೆಗೂ ಅದರ ಅಗಲ ಮತ್ತು ಎತ್ತರವನ್ನು ಎಚ್‌ಟಿಎಂಎಲ್‌ನಲ್ಲಿ ಬರೆದರೆ ಜಾಗ ಮೊದಲೇ ಕಾಯ್ದಿರಿಸಲ್ಪಡುತ್ತದೆ. ಪುಟದ ಕೆಳಭಾಗದ ಚಿತ್ರಗಳಿಗೆ ಲೋಡಿಂಗ್ ಎಂಬಲ್ಲಿ ಲೇಜಿ ಎಂದು ಕೊಡಿ. ಓದುಗರು ಅಲ್ಲಿಗೆ ಬರುವ ಹೊತ್ತಿಗೆ ಮಾತ್ರ ಅವು ಇಳಿಯುತ್ತವೆ. ಎಲ್ಲಕ್ಕಿಂತ ಮೇಲಿರುವ ದೊಡ್ಡ ಚಿತ್ರಕ್ಕೆ ಮಾತ್ರ ಹಾಗೆ ಕೊಡಬಾರದು, ಕೊಟ್ಟರೆ ಅದೇ ತಡವಾಗುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ.

ಇನ್ನು ಎಲ್ಲ ಚಿತ್ರಗಳಿಗೂ 200 ಕೆಬಿ ಎಂಬ ಒಂದೇ ಮಿತಿಯನ್ನು ಬಿಟ್ಟುಬಿಡಿ. ಮಂಜು ಮುಸುಕಿದ ಬೆಟ್ಟದ ಚಿತ್ರ 80 ಕೆಬಿಯಲ್ಲಿಯೇ ಚೆನ್ನಾಗಿರಬಲ್ಲದು, ಹೂ ಬಿಟ್ಟ ಕಾಫಿ ಗಿಡದ ಎಲೆ ಎಲೆಯೂ ಕಾಣಬೇಕಾದ ಚಿತ್ರಕ್ಕೆ 350 ಕೆಬಿ ಬೇಕಾಗಬಹುದು. ಒಂದೇ ಚಿತ್ರವನ್ನು 480, 960, 1600 ಪಿಕ್ಸೆಲ್ ಅಗಲದಲ್ಲಿ ಮೂರು ಪ್ರತಿ ಮಾಡಿ, ಎಸ್‌ಆರ್‌ಸಿಸೆಟ್ ಮತ್ತು ಸೈಜಸ್ ಎಂಬ ಸೂಚನೆಗಳ ಮೂಲಕ ಮೂರನ್ನೂ ಕೊಟ್ಟರೆ, ಮೊಬೈಲಿನಲ್ಲಿ ನೋಡುವವರಿಗೆ ಚಿಕ್ಕದೂ ಕಂಪ್ಯೂಟರಿನಲ್ಲಿ ನೋಡುವವರಿಗೆ ದೊಡ್ಡದೂ ತಾನಾಗಿ ಹೋಗುತ್ತದೆ. ತಾಣ ವರ್ಡ್‌ಪ್ರೆಸ್‌ನಲ್ಲಿದ್ದರೆ ಈ ಪ್ರತಿಗಳನ್ನು ಅದೇ ತಯಾರಿಸಿಕೊಳ್ಳುತ್ತದೆ; ನೀವು ಒಳ್ಳೆಯ ಗುಣಮಟ್ಟದ ಒಂದು ದೊಡ್ಡ ಪ್ರತಿಯನ್ನು ಏರಿಸಿದರೆ ಸಾಕು, ಮೊದಲೇ ಹಿಂಡಿದ್ದನ್ನು ಏರಿಸಬೇಡಿ.